ಸೀಟಿನ ಮೇಲಿನ ಒಳಲೆ

ಬಸವನಗುಡಿ
ಭಾನುವಾರ, ೨೨-೧೧-೧೯೯೮
ಬೆಳಿಗ್ಗೆ ಒಂಬತ್ತು ಗಂಟೆ

ಚಿರಂಜೀವಿ ಇಂಚರಾಳಿಗೆ ಅಮ್ಮನ ಆಶೀರ್ವಾದ.

ಯಾವಾಗಲೂ ‘ಚಿ.’ ಎಂದು ಚುಕ್ಕಿಯಿಟ್ಟು ಮುಗಿಸುವವಳು ಇವತ್ತು ಪೂರ್ತಿ ಬರೆದಿದ್ದೇನೆ. ಒಂದೇ ಮನೆಯಲ್ಲಿದ್ದುಕೊಂಡು ಮಗಳಿಗೆ ಕಾಗದ ಬರೆಯುವ ತಾಯಿ ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಬುಧವಾರದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಊಟಕ್ಕೆ ಕರೆಯುವುದಕ್ಕೂ ತಟ್ಟೆ ಸದ್ದು ಮಾಡುತ್ತಿದ್ದೇನೆ. ಇದನ್ನು ನಿನ್ನ ದಿಂಬಿನ ಕೆಳಗೆ ಇಡುತ್ತೇನೆ.

ಬೆಳಿಗ್ಗೆ ಆರೂವರೆಗೆ ನೀನು ನಿಮ್ಮಪ್ಪನ ಯೆಜ್ಡಿ ಬೈಕು ಹತ್ತಿ ಕ್ಲಬ್ಬಿನವರ ಜೊತೆ ಸಂಗಮಕ್ಕೆ ಹೊರಟೆ. ಹದಿನೆಂಟು ಗಾಡಿ, ಅದರಲ್ಲಿ ಹುಡುಗಿ ನೀನೊಬ್ಬಳೇ. ಕನಕಪುರ ದಾಟಿದ ಮೇಲೆ ಆ ರಸ್ತೆ ಹೇಗೆ ತಿರುಗುತ್ತದೆ ಎಂದು ನನಗೆ ಹೇಳಿಕೊಡಬೇಡ. ನಿಮ್ಮಪ್ಪನ ಹಿಂದೆ ಕೂತು, ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು, ನಾನೂ ಎಷ್ಟೋ ಸಲ ಹೋಗಿದ್ದೇನೆ. ಎದುರಿನ ಬಸ್ಸು ಹಾರನ್ ಹೊಡೆದರೆ ಉಂಟು, ಇಲ್ಲದಿದ್ದರೆ ತಿರುವಿನಲ್ಲಿ ಮೂಗಿನ ಮುಂದೆ ಬಂದಾಗಲೇ ಕಾಣುವುದು.

ಅಪ್ಪ ಗಾಡಿಯಿಂದ ಬಿದ್ದು ಹೋಗಲಿಲ್ಲ, ಆಫೀಸಿನ ಕುರ್ಚಿಯಲ್ಲಿ ಕೂತಲ್ಲೇ ಹೋದರು ಎಂದು ಬುಧವಾರ ನೀನು ವಾದ ಮಾಡಿದೆ. ಅದಕ್ಕೆ ಕುರ್ಚಿಗೆ ಹೆದರಲೇ? ಅವರು ಹೋಗಿ ಮೂರು ವರ್ಷವಾದರೂ ನನಗೆ ಹೆದರಿಕೆ ಗಾಡಿಯದೇ. ನಿನ್ನ ಪಾಲಿನ ಉಪ್ಪಿಟ್ಟನ್ನು ಮುಚ್ಚಿಟ್ಟಿದ್ದೇನೆ. ಗೇಟು ಸದ್ದಾದಾಗಲೆಲ್ಲ ಎದ್ದು ನೋಡುತ್ತೇನೆ. ಈಗ ಬಂದದ್ದು ಹೂವಿನವಳು.

ಹತ್ತೂಮುಕ್ಕಾಲು

ಸುತ್ತಿ ಬಳಸಿ ಬರೆದದ್ದು ಸಾಕು. ಇಂಚರಾ, ಗಾಡಿಗೆ ಎಣ್ಣೆ ಬಿದ್ದಿಲ್ಲ.

ಪೆಟ್ರೋಲಿಗೆ ಎಣ್ಣೆ ಬೆರೆಸದಿದ್ದರೆ ಯೆಜ್ಡಿ ಓಡುತ್ತ ಓಡುತ್ತಲೇ ಕಾದು, ಇಂಜಿನ್ ಕಚ್ಚಿಕೊಂಡು, ಹಿಂದಿನ ಚಕ್ರ ಗಪ್ಪನೆ ನಿಂತುಬಿಡುತ್ತದೆ. ನಿಮ್ಮಪ್ಪ ಶನಿವಾರ ಸಂಜೆ ಪೆಟ್ರೋಲ್ ತುಂಬಿಸಿ, ಸೀಟಿನ ಮೇಲೆ ಒಳಲೆ ಬೋರಲು ಹಾಕಿಡುತ್ತಿದ್ದರು. ಕೂಸಾಗಿದ್ದಾಗ ನಿನಗೆ ಹಾಲು ಕುಡಿಸಿದ ಸ್ಟೀಲ್ ಒಳಲೆ. ನಾನು ಅದರಲ್ಲಿ ಎಣ್ಣೆ ಅಳೆದು ಟ್ಯಾಂಕಿಗೆ ಹಾಕಿ, ತೊಳೆದು ಅಡುಗೆಮನೆಯ ಗೂಡಿನಲ್ಲಿಡಬೇಕು. ಬೆಳಿಗ್ಗೆ ಒಳಲೆ ಗೂಡಿನಲ್ಲಿದ್ದರೆ ಎಣ್ಣೆ ಆಯಿತು ಎಂದು ಅರ್ಥ. ಅವರು ಕೇಳುತ್ತಲೂ ಇರಲಿಲ್ಲ, ನಾನು ಹೇಳುತ್ತಲೂ ಇರಲಿಲ್ಲ.

ನಿನ್ನೆ ಸಂಜೆ ನೀನೂ ಹಾಗೇ ಇಟ್ಟಿದ್ದೆ. ಅದನ್ನು ನೋಡಿ ನನಗೆ ಅಳುವೂ ಬಂತು, ಸಿಟ್ಟೂ ಬಂತು. ತಂದು ಗೂಡಿನೊಳಗೆ ಇಟ್ಟುಬಿಟ್ಟೆ. ಸಿಟ್ಟಿನಲ್ಲಿ ಎಣ್ಣೆ ಮರೆತೇ ಹೋಯಿತು. ಬೆಳಿಗ್ಗೆ ನೀನು ಗೂಡಿನ ಕಡೆ ನೋಡಿ, ನಾಲ್ಕು ದಿನದ ಮೇಲೆ ಮೊದಲ ಸಲ ನಕ್ಕು, ಥ್ಯಾಂಕ್ಸ್ ಅಮ್ಮಾ ಎಂದೆ. ನಾನು ಒಲೆಯ ಮೇಲಿನ ಹಾಲನ್ನು ನೋಡುತ್ತಿದ್ದೆ.

ಒಂಬತ್ತೂವರೆಗೆ ಪೆನ್ನು ಕೆಳಗಿಟ್ಟು, ಮೆಕ್ಯಾನಿಕ್ ಮಾಯಣ್ಣನ ಮನೆಗೆ ಫೋನ್ ಮಾಡಿದೆ. ಹೊರಡುವ ಮುಂಚೆ ಕ್ಲಬ್ಬಿನ ಪ್ರತಿ ಗಾಡಿಯ ಟ್ಯಾಂಕಿನ ಮುಚ್ಚಳ ತೆಗೆದು, ಬೆರಳದ್ದಿ ಉಜ್ಜಿ, ಎಣ್ಣೆ ಇದೆಯೇ ಎಂದು ಅವನು ನೋಡುತ್ತಾನಲ್ಲ, ಅದೇ ಧೈರ್ಯ ನನಗೆ. ಅವನೂ ನಿಮ್ಮ ಜೊತೆಗೇ ಹೊರಟಾಗಿತ್ತು, ಫೋನ್ ತೆಗೆದದ್ದು ಅವನ ಹೆಂಡತಿ ಕಮಲಮ್ಮ. ನಿಮ್ಮ ಗಾಡಿಯೊಂದನ್ನ ಅವರು ಯಾವತ್ತೂ ನೋಡಲ್ಲ ಅಕ್ಕಾ, ಚೂಡಾಮಣಿ ಅಕ್ಕನ ಕೈಯಳತೆ ತಪ್ಪಲ್ಲ ಅಂತಾರೆ, ಎಂದು ನನ್ನ ಹೆಸರೆತ್ತಿ ಹೇಳಿದಳು.

ನೀವು ತಿಂಡಿಗೆ ನಿಲ್ಲುವ ಕನಕಪುರದ ಹೋಟೆಲಿನ ನಂಬರನ್ನು ಅವಳೇ ಹುಡುಕಿ ಕೊಟ್ಟಳು. ನಮ್ಮ ಫೋನಿನಲ್ಲಿ ಎಸ್‌ಟಿಡಿ ಇಲ್ಲವಲ್ಲ, ಬೂತಿಗೆ ಓಡಿದೆ. ಒಂದು ಕಾಲಿಗೆ ನಿನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದು. ಐದು ಸಲ ಎಂಗೇಜು. ಆರನೆಯ ಸಲ ಸಿಕ್ಕಿದವನು, ಈಗ್ತಾನೆ ಹೊರಟ್ರು ತಾಯೀ, ಆ ಹುಡುಗಿ ಎರಡು ಇಡ್ಲಿ ತಿಂದು ಕಾಫಿ ಬೇಡ ಅಂದ್ಬಿಟ್ಟು ಎಲ್ಲರಿಗಿಂತ ಮುಂಚೆ ಗಾಡಿ ಹತ್ತಿದ್ಲು, ಎಂದ. ತಿರುವುಗಳು ಶುರುವಾಗುವುದೇ ಅಲ್ಲಿಂದ ಮುಂದೆ.

ಹನ್ನೆರಡೂವರೆ

ಫೋನಿನ ಪಕ್ಕ ಕೂತಿದ್ದೇನೆ. ಟ್ಯಾಂಕಿನ ತಳದಲ್ಲಿ ಹಳೆಯ ಬೆರಕೆ ಒಂದೆರಡು ಲೀಟರ್ ಇತ್ತು. ಅದು ಎಷ್ಟು ದೂರ ಕಾಪಾಡುತ್ತದೆ? ಇಪ್ಪತ್ತೆಂಟು ವರ್ಷ ಲೆಕ್ಕದ ಟೀಚರಾಗಿದ್ದವಳಿಗೆ ಇದೊಂದು ಲೆಕ್ಕ ಬರುತ್ತಿಲ್ಲ. ದೇವರ ಮುಂದೆ ಕೂತರೆ ಫೋನ್ ಕೇಳಿಸದೇ ಹೋದರೆ ಎಂದು ಅಲ್ಲಿಗೂ ಹೋಗಿಲ್ಲ. ಪುಟ್ಟಾ, ನೀನು ಬಂದರೆ ಸಾಕು. ಬೇರೇನೂ ಬೇಡ.

ಮಧ್ಯಾಹ್ನ ಎರಡೂವರೆ

ಮಾಯಣ್ಣ ಫೋನ್ ಮಾಡಿದ್ದ. ಎರಡು ಸಲ ಕೇಳಿದ ಮೇಲೆಯೇ ನಂಬಿದೆ.

ಇಳಿಜಾರಿನ ತಿರುವಿನಲ್ಲಿ ಇಂಜಿನ್ ಕಚ್ಚಿಕೊಂಡಿತಂತೆ. ಎದುರಿಗೆ ಬಸ್ಸು. ನೀನು ಕ್ಲಚ್ ಒತ್ತಿಹಿಡಿದು, ಗಾಡಿಯನ್ನು ಪಕ್ಕದ ಮಣ್ಣಿಗೆ ತಿರುಗಿಸಿ ಬಿದ್ದೆಯಂತೆ. ಮೊಣಕೈ, ಮಂಡಿ ತರಚಿದೆ, ಮೂಳೆಗೇನೂ ಆಗಿಲ್ಲ ಎಂದ. ಗಾಡಿಯನ್ನು ಟೆಂಪೋಗೆ ಹಾಕಿದ್ದಾರೆ, ಐದರೊಳಗೆ ಮನೆಗೆ ಕರೆತರುತ್ತಾನೆ. ತಪ್ಪು ನಂದೇ ಅಕ್ಕಾ, ನಿಮ್ಮನೆ ಗಾಡಿ ಅಂತ ಬೆರಳು ಅದ್ದಲಿಲ್ಲ, ಎಂದು ಅತ್ತುಬಿಟ್ಟ. ಆಮೇಲೆ ಇನ್ನೊಂದು ಮಾತು ಹೇಳಿದ. ಟ್ಯಾಂಕು ನೋಡಿ ಅವರೆಲ್ಲ ಕೇಳಿದಾಗ ನೀನು, ಎಣ್ಣೆ ಹಾಕೋದು ನಾನೇ ಮರೆತೆ ಅಂದೆಯಂತೆ. ಮಗೂನ ಬೈಬೇಡಿ ಅಕ್ಕಾ, ಎಂದ.

ಗೂಡಿನಲ್ಲಿ ಒಳಲೆ ನೋಡಿಕೊಂಡು ಹೋದವಳು ನೀನು. ಆ ಮಾತನ್ನು ಯಾಕೆ ಹೇಳಿದೆ ಎಂದು ನನಗೆ ಅರ್ಥವಾಗುತ್ತದೆ. ಬಿಸಿನೀರು ಕಾಯಿಸಿದ್ದೇನೆ, ಅರಿಶಿನ ಅರೆದಿದ್ದೇನೆ. ನೀನು ಬಂದ ತಕ್ಷಣ ಮೊದಲು ಮಾತಾಡುವವಳು ನಾನೇ.

ಇಂತು,
ನಿನ್ನ ಅಮ್ಮ,
ಚೂಡಾಮಣಿ

ಮರೆತಿದ್ದೆ: ಇಲ್ಲ, ಹೀಗೆ ಶುರು ಮಾಡಬಾರದು. ನಾನು ಏನನ್ನೂ ಮರೆತಿರಲಿಲ್ಲ ಇಂಚರಾ. ಒಳಲೆಯನ್ನು ಗೂಡಿನಲ್ಲಿಟ್ಟರೆ ನೀನು ಏನೆಂದುಕೊಳ್ಳುತ್ತೀಯ ಎಂದು ಗೊತ್ತಿದ್ದೇ ಇಟ್ಟೆ. ಬನಶಂಕರಿ ದಾಟುವುದರೊಳಗೆ ಗಾಡಿ ನಿಂತುಹೋಗುತ್ತದೆ, ತಳ್ಳಿಕೊಂಡು ವಾಪಸ್ಸು ಬರುತ್ತೀಯ ಎಂದುಕೊಂಡಿದ್ದೆ. ಅದಕ್ಕೇ ಉಪ್ಪಿಟ್ಟು ಇಬ್ಬರಿಗೆ ಮಾಡಿದ್ದು, ಅದಕ್ಕೇ ಮೂರು ಗಂಟೆ ಹೊತ್ತು ಗೇಟು ಕಾದದ್ದು. ಇದನ್ನು ಮಾಯಣ್ಣನಿಗೂ ನಾನೇ ಹೇಳುತ್ತೇನೆ. ಗಾಡಿ ರಿಪೇರಿಯಾದ ಮೇಲೆ ಮತ್ತೆ ಹೋಗು. ಎಣ್ಣೆ ನಾನೇ ಅಳೆದು ಹಾಕುತ್ತೇನೆ. ಆದರೂ ಹೊರಡುವ ಮುಂಚೆ ನನ್ನ ಕಣ್ಣೆದುರಿಗೇ ಟ್ಯಾಂಕು ತೆಗೆದು ಬೆರಳದ್ದಿ ನೋಡು.