ಚೌರಮ್ಮ ತಿದ್ದಿ ಬಂದ ಮಾತು

೧೦ ಜುಲೈ ೧೯೫೫, ಭಾನುವಾರ. ಗುಂಡ್ಲುಪೇಟೆ.

ಆ ಹುಡುಗಿಯನ್ನು ನಾನು ಕಳಿಸಬಾರದಿತ್ತು.

ಪೂಜೆ ಮುಗಿದ ಮೇಲೆ ಜ್ಞಾನೋಪದೇಶದ ಪಾಠದಲ್ಲಿ ಚೌರಮ್ಮ ಎದ್ದು ನಿಂತು ಹೆಮ್ಮೆಯಿಂದ ಹೇಳಿದಳು: "ಉಪದೇಶಿಯೋರೆ, ಪಕ್ಕದ್ಮನೆ ಮಾದಮ್ಮನ ಕೂಸು ಮೊನ್ನೆ ತೀರೋಯ್ತು. ಯೇಸುಸ್ವಾಮಿ ಎತ್ಕೊಂಡವ್ರೆ, ಅಳ್ಬೇಡ ಕಣಕ್ಕ ಅಂದೆ."

ನಂಬಿಕೆಯನ್ನು ನೆರೆಯವರೊಂದಿಗೆ ಹಂಚಿಕೊಳ್ಳಿ ಎಂದು ವಾರವಾರವೂ ಕಲಿಸಿದವನು ನಾನೇ. ಆದರೂ ಜ್ಞಾನೋಪದೇಶದ ಪುಸ್ತಕ ತೆರೆದು ತೋರಿಸಿದೆ. ತಲೆಗೆ ನೀರೆರೆದು ಜ್ಞಾನಸ್ನಾನ ಮಾಡಿಸದ ಕೂಸಿಗೆ ಮೋಕ್ಷವಿಲ್ಲ, ತಪ್ಪು ಹೇಳಿದ್ದೀಯೆ, ಹೋಗಿ ತಿದ್ದಿ ಬಾ ಎಂದೆ. ಅವಳು ಹೋಗಿ ತಿದ್ದಿಯೇಬಿಟ್ಟಳು.

ಸಂಜೆ ವಿಷಯ ತಿಳಿದು ಮಾದಮ್ಮನ ಮನೆಗೆ ಓಡಿದೆ. ಒಲೆ ಹಚ್ಚಿರಲಿಲ್ಲ. ತಪ್ಪಾಯಿತು ತಾಯಿ ಎಂದೆ.

"ಆ ಹೆಣ್ಮಗ ಏನ್ ಮಾಡದು ಬುಡಿ, ನೀವ್ ಕಲ್ಸುದ್ದ ಹೇಳ್ತು," ಎಂದಳು. "ನಿಮ್ ದ್ಯಾವ್ರು ಎತ್ಕೊಂಡದೆ ಅಂತ ನೆನೆಸ್ಕೊಂಡು ನೆನ್ನೆ ಒಸಿ ನಿದ್ದೆ ಬಂದಿತ್ತು."

ಚರ್ಚಿನ ಗುರುಸ್ವಾಮಿಗಳನ್ನು ಕೇಳಿದರೆ ಪುಸ್ತಕದಲ್ಲಿರುವುದೇ ಸರಿ ಎನ್ನುತ್ತಾರೆ. ಅದು ನನಗೂ ಗೊತ್ತು.

ಹೊರಗೆ ಜಗಲಿಯ ಮೇಲೆ ಚೌರಮ್ಮ ಅತ್ತು ಸೊರಗಿ ಕೂತಿದ್ದಳು. "ಇನ್ಮ್ಯಾಕೆ ಯಾರ್ತಾವೂ ಯೇಸುಸ್ವಾಮಿ ಮಾತೆತ್ತಕಿಲ್ಲ, ಉಪದೇಶಿಯೋರೆ."

ಹಾಗನ್ನಬಾರದು, ಹೇಳಬೇಕು ಮಗಳೇ ಎನ್ನಲು ಬಾಯಿ ತೆರೆದೆ. ಏನಂತ ಹೇಳಲಿ ಎಂದು ಅವಳು ಕೇಳಿಬಿಟ್ಟರೆ ನಾನು ಮತ್ತೆ ಅದೇ ಪುಸ್ತಕ ತೆರೆಯಬೇಕಿತ್ತು; ಹೇಳದೆ ಅವಳ ಪಕ್ಕದಲ್ಲಿ ಕೂತೆ.