ಬಿಳಿ ಅಂಚಿನ ಗಿಡಕ್ಕೆ ಕತ್ತರಿ

ಅಪ್ಪನಿಗೆ,

ಅಣ್ಣನ ಮನೆಯಲ್ಲಿ ಆರಾಮಾಗಿದ್ದೀರೆಂದು ಅತ್ತಿಗೆ ಹೇಳಿದರು. ನನ್ನ ಫೋನ್ ಮಾತ್ರ ನೀವು ಎತ್ತುವುದಿಲ್ಲ, ಅದಕ್ಕೇ ಈ ಪತ್ರ.

ನೀವು ಬೀದಿಗೆಲ್ಲ ಹಂಚಿದ ಗಿಡದ ಎಲೆಗಳೆಲ್ಲ ಚಿಗುರಿವೆ. ಎಲ್ಲವೂ ಬರೀ ಹಸಿರು! ಬೀದಿಯವರು ಕುಂಡ ಹಿಡಿದುಕೊಂಡು ನನ್ನ ನರ್ಸರಿಗೆ ಬಂದು, "ಬಿಳಿ ಅಂಚು ಎಲ್ಲಮ್ಮಾ? ನಿಮ್ಮಪ್ಪ ಅಷ್ಟೊಂದು ಹೊಗಳಿ ಕೊಟ್ರಲ್ಲ" ಎಂದು ನನ್ನ ತಲೆ ತಿನ್ನುತ್ತಿದ್ದಾರೆ.

ಆ ಬಿಳಿ ಅಂಚಿನ ಸ್ನೇಕ್ ಪ್ಲಾಂಟ್ ನಾನು ತಳಿ ಬೆರೆಸಿ ಮಾಡಿದ್ದಲ್ಲ. ಹಸಿರು ಗಿಡಗಳ ಸಾಲಿನಲ್ಲಿ ಅದೊಂದೇ ತಾನಾಗಿ ಬಿಳಿ ಅಂಚು ಹೊತ್ತು ಹುಟ್ಟಿತ್ತು. ಎಲೆ ಕತ್ತರಿಸಿ ನೆಟ್ಟರೆ ಆ ಅಂಚು ಬರುವುದಿಲ್ಲ, ಬುಡದಲ್ಲಿ ಹುಟ್ಟುವ ಮರಿಯನ್ನೇ ಬಿಡಿಸಿ ನೆಡಬೇಕು ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ನೀವೋ, ಜೀವಮಾನವಿಡೀ ಬಟ್ಟೆ ಹೊಲಿದವರು. "ಅಂಚಿರೋ ಬಟ್ಟೆ ಕತ್ತರಿಸಿದ್ರೆ ತುಂಡಲ್ಲೂ ಅಂಚು ಇರುತ್ತೆ ಕಣೇ" ಎಂದಿರಿ. ನಾನು ಗೊಬ್ಬರ ತಂದು ತಿರುಗಿ ನೋಡುವಷ್ಟರಲ್ಲಿ ಗಿಡ ಬೋಳಾಗಿತ್ತು. ಮಗಳ ಹೊಸ ಗಿಡ ಎಂದು ಮನೆಮನೆಗೂ ಕೊಟ್ಟು ಬಂದಿದ್ದಿರಿ!

ಆಮೇಲೆ ನೀವು ಮುನಿಸಿಕೊಂಡು ಅಣ್ಣನ ಮನೆಗೆ ಹೊರಡುವಷ್ಟು ನಾನು ಏನೇನು ಕೂಗಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ನಿನ್ನೆ ನೋಡಿದರೆ ಆ ಬೋಳು ಗಿಡದ ಕುಂಡದಲ್ಲಿ, ಬುಡದಿಂದಲೇ ಒಂದು ಮರಿ ಮೇಲೆದ್ದಿದೆ. ಬಿಳಿ ಅಂಚು ಇದೆ. ಅದಕ್ಕೊಂದು ಹೆಸರಿಡಬೇಕು. ಬೀದಿಯವರು ಆಗಲೇ ಚೇಷ್ಟೆಗೆ 'ಟೈಲರ್ ಗಿಡ' ಎನ್ನುತ್ತಿದ್ದಾರೆ. ಬೇರೆ ಹೆಸರು ಯೋಚಿಸುವ ತಾಳ್ಮೆ ನನಗಿಲ್ಲ; ಅದನ್ನೇ ಬರೆದು ಕುಂಡಕ್ಕೆ ಸಿಕ್ಕಿಸಿದ್ದೇನೆ.

ಭಾನುವಾರದ ಬಸ್ಸಿಗೆ ಬನ್ನಿ, ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ. ಕತ್ತರಿ ಅಣ್ಣನ ಮನೆಯಲ್ಲೇ ಇರಲಿ.

ಇಂತಿ,
ಬಾಯಿ ಜೋರಿನ ನಿಮ್ಮ ಮಗಳು