ಮಿಲ್ಲಿನ ಗೇಟು

ಗುರುವಾರ, ಜುಲೈ 11

ಆ ಗೇಟು ಇನ್ನೂ ತಲೆ ತಿನ್ನುತ್ತಿದೆ. ಮೂರು ವಾರ ಕೂತು ಮಾಡಿದ ನಕ್ಷೆ. ಪರದೆಯ ಮೇಲೆ ಬೆರಳಿಟ್ಟು ಎಳೆದರೆ ನಮ್ಮ ಊರು ಅರವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ತರಗತಿಯೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ, ಶಾಲೆ ಶುರುವಾದಾಗಿನಿಂದ ತುಟಿ ಬಿಚ್ಚದ ಕೊನೇ ಬೆಂಚಿನ ಹುಡುಗಿ ಎದ್ದು ನಿಂತಳು.

"ಮಿಸ್, ನೂಲಿನ ಮಿಲ್ ಗೇಟು ಆ ಕಡೆ ಇರ್ಲಿಲ್ಲ. ಹಳ್ಳದ ಕಡೆ ಇತ್ತು."

"ನಿಂಗೆ ಹೇಗೇ ಗೊತ್ತು?"

"ನಮ್ಮಜ್ಜಿ ದಿನಾ ಅದ್ರಲ್ಲೇ ಕೆಲ್ಸಕ್ಕೆ ಹೋಗ್ತಿದ್ರು."

ಮುಖಕ್ಕೆ ಹೊಡೆದ ಹಾಗಾಯಿತು, ಸುಳ್ಳೇಕೆ ಹೇಳಲಿ. ನಾನು ನಂಬಿದ್ದು ನಗರಸಭೆಯ ಹಳೇ ಕಾಗದವನ್ನು.

"ಹಾಗಾದ್ರೆ ಬಾ, ನೀನೇ ತಿದ್ದು" ಎಂದೆ.

ಅವಳು ಗೇಟನ್ನು ಎಳೆದು ಹಳ್ಳದ ಪಕ್ಕ ಇಟ್ಟಳು. ಆಧಾರ ಬರೆಯದಿದ್ದರೆ ನಕ್ಷೆ ಯಾವ ತಿದ್ದುಪಡಿಯನ್ನೂ ಒಪ್ಪುವುದಿಲ್ಲ; ಆ ಕಟ್ಟುನಿಟ್ಟು ನನ್ನದೇ. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: "ನಮ್ಮಜ್ಜಿ, ಎರಡನೇ ಪಾಳಿ."

ನಕ್ಷೆ ಒಪ್ಪಿಕೊಂಡಿತು.

ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಯಾರ ಮನೆಯ ಮುದುಕರಿಗೆ ಹೆಚ್ಚು ಗೊತ್ತೆಂದು ಆಗಲೇ ಜಗಳ ಶುರುವಾಗಿತ್ತು. ನಾಳೆ ನನ್ನ ತಪ್ಪುಗಳು ಇನ್ನೆಷ್ಟು ಹೊರಬೀಳುತ್ತವೋ. ಬೀಳಲಿ.

ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮುತ್ತಿದ್ದಾಳೆ, ನಿದ್ದೆ ಬಂದಿಲ್ಲ. ಇಪ್ಪತ್ತೆರಡು ವರ್ಷದಿಂದ ಇತಿಹಾಸ ಕಲಿಸುತ್ತಿದ್ದೇನೆ. ಈ ಬೀದಿಯಲ್ಲಿ ಮೊದಲು ಏನಿತ್ತು ಎಂದು ಅವಳನ್ನು ಒಂದು ದಿನವೂ ಕೇಳಿಲ್ಲ. ಈಗಲೇ ಕೇಳಿ ಬಂದು ಮಿಕ್ಕದ್ದು ಬರೆಯುತ್ತೇನೆ.